ಶಿವಕಾಂತಾ ಕಳಿಸಿದ ಮಾತು

ಅಫಜಲಪುರದ ಆಸ್ಪತ್ರೆಯ ಲ್ಯಾಬಿಗೆ ಶಿವಕಾಂತಾ ಕೆಲಸಕ್ಕೆ ಸೇರಿ ಹದಿಮೂರು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಅವಳು ಮೇಲಿನ ಹೆರಿಗೆ ವಾರ್ಡಿಗೆ ಒಮ್ಮೆಯೂ ಫೋನು ಮಾಡಿರಲಿಲ್ಲ. ಯಾರದಾದರೂ ರಕ್ತದ ಗುಂಪು ಜಲ್ದಿ ಬೇಕೆಂದು ವಾರ್ಡಿನವರು ಹೇಳಿ ಕಳಿಸಿದರೆ, ಪರೀಕ್ಷೆ ಮಾಡಿ, ಚೀಟಿ ಬರೆದು, ತಾನೇ ಮೆಟ್ಟಿಲು ಹತ್ತಿ ಕೊಟ್ಟು ಬರುತ್ತಿದ್ದಳು. ಅವಳಿಗೆ ಬಿಡುವಿಲ್ಲದಾಗ ಲ್ಯಾಬಿನ ಜವಾನ ಹುಲೆಪ್ಪ ಆ ಚೀಟಿ ಒಯ್ಯುತ್ತಿದ್ದ. "ಮೇಡಂ ಭಾಳ ನಿಯತ್ತಿನವರು, ಫೋನಿನ ಮ್ಯಾಲೆ ಭರೋಸ ಇಡೂದಿಲ್ಲ" ಎಂದು ವಾರ್ಡಿನವರು ಹೊಗಳುತ್ತಿದ್ದರು. ಶಿವಕಾಂತಾ ನಗುತ್ತಿದ್ದಳು. ನಿಜ ಏನೆಂದರೆ, "ಬಿ ಪಾಸಿಟಿವ್" ಎಂಬ ಎರಡು ಶಬ್ದ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ತುಟಿ ಕೂಡುತ್ತಿದ್ದವು, ಕೂಡಿದವು ಬಿಚ್ಚುತ್ತಿರಲಿಲ್ಲ.

ಉಗ್ಗು ಅವಳಿಗೆ ನಾಲ್ಕನೆಯ ವರ್ಷಕ್ಕೆ ಬಂದದ್ದು. ಹುಟ್ಟಿದೂರು ಭೀಮಾ ದಂಡೆಯ ಮಣ್ಣೂರ. ಅವ್ವ ಗುರಮ್ಮ ಬಜೆಯ ಬೇರು ತೇಯ್ದು ಜೇನಿನಲ್ಲಿ ಕಲಸಿ ವರ್ಷಗಟ್ಟಲೆ ನಾಲಿಗೆಗೆ ಸವರಿದಳು. ನಾಲಿಗೆ ಚುರುಗುಟ್ಟಿತೇ ಹೊರತು ಸಡಿಲಾಗಲಿಲ್ಲ. ಶಾಲೆಯಲ್ಲಿ ಪಾಠ ಓದಿಸುವ ಸರದಿ ಬಂದಾಗ ಮಾಸ್ತರರು ಅವಳನ್ನು ದಾಟಿ ಪಕ್ಕದವಳಿಗೆ ಹೇಳುತ್ತಿದ್ದರು. ಅದು ಕರುಣೆ ಎಂದು ಅವಳಿಗೂ ಗೊತ್ತಿತ್ತು. ಆದರೆ ದಿನಾ ದಾಟಿಸಿಕೊಳ್ಳುವವರಿಗೆ ಒಂದು ದಿನ ತಾವು ಆ ಸಾಲಿನಲ್ಲೇ ಇಲ್ಲ ಅನ್ನಿಸಿಬಿಡುತ್ತದೆ. ಮುಂದೆ ಲ್ಯಾಬಿನ ಕೋರ್ಸು ಆರಿಸಿಕೊಂಡದ್ದೂ ಅದಕ್ಕೇ. ಗಾಜಿನ ನಳಿಕೆಗಳು ಪ್ರಶ್ನೆ ಕೇಳುವುದಿಲ್ಲ.

ಗಂಡ ಸಿದ್ದರಾಮೇಶ ಅಫಜಲಪುರದಲ್ಲೇ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ ಇಟ್ಟಿದ್ದ. ಬಂಗಾರದಂಥ ಮನುಷ್ಯ, ಮಾತಿನ ಮಲ್ಲ. ಹೆಂಡತಿ ಒಂದು ಅಕ್ಷರಕ್ಕೆ ತಡೆದರೆ ಸಾಕು, ಉಳಿದದ್ದನ್ನು ತಾನೇ ಹೇಳಿ ಮುಗಿಸುತ್ತಿದ್ದ. ಮದುವೆಯಾದ ಮೊದಲ ವಾರ ಸಂತೆಗೆ ಹೊರಟವನು, "ನಿನಗೇನ್ ತರ್ಲಿ?" ಎಂದು ಕೇಳಿದ್ದ. "ಬ್ಯಾಡ್ರಿ, ಏನೂ ಬ್ಯಾಡ" ಎನ್ನಬೇಕೆಂದು ಅವಳು "ಬ... ಬ..." ಎಂದು ಸಿಕ್ಕಿಕೊಂಡಳು. "ಬದ್ನಿಕಾಯಿ!" ಎಂದ ಅವನು ಖುಷಿಯಿಂದ. ಅಲ್ಲ ಎನ್ನಲು ಇನ್ನೊಂದು ಮಾತು ಆಡಬೇಕಾಗುತ್ತದೆ, ಅದಕ್ಕಿಂತ ಗೋಣು ಹಾಕುವುದು ಹಗುರ. ಗೋಣು ಹಾಕಿದಳು. ಅಂದಿನಿಂದ ಹದಿನಾಲ್ಕು ವರ್ಷ, ಸಂತೆ ಬಂದರೆ ಮನೆಗೆ ಬದನೆಕಾಯಿ ಬಂತು. "ನಮ್ಮ ಮನಿಯಾಕಿಗೆ ಬದ್ನಿಕಾಯಿ ಅಂದ್ರ ಜೀವ" ಎಂದು ಅವನು ಬೀಗರ ಮುಂದೆಯೂ ಹೇಳುತ್ತಿದ್ದ.

ಇಂಥ ಮನೆಗೆ ಕಳೆದ ವರ್ಷ ಜಯಮಾಲಾ ಬಂದಳು. ಜೇವರ್ಗಿ ತಾಲ್ಲೂಕಿಗೆ ಕೊಟ್ಟ ಶಿವಕಾಂತಾಳ ಅಕ್ಕನ ಮಗಳು. ನರ್ಸಿಂಗ್ ಮುಗಿಸಿದ್ದಳು, ಅಫಜಲಪುರದ ಖಾಸಗಿ ದವಾಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ಚಿಗವ್ವನ ಮನೆಯಲ್ಲಿ ಉಳಿದುಕೊಂಡಳು. ಅವಳಿಗೆ ಜರ್ಮನಿಗೆ ಹೋಗಿ ನರ್ಸ್ ಆಗುವ ಹಂಬಲ. ಅದಕ್ಕೆ ಅಲ್ಲಿಯ ಭಾಷೆ ಕಲಿಯಬೇಕು, ಪರೀಕ್ಷೆ ಪಾಸಾಗಬೇಕು. ಹಾಗೆ ಕಲಿಯುವ ಇಪ್ಪತ್ತೆಂಟು ಜನ ಸೇರಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ರಾಯಚೂರಿನವರು, ಕೇರಳದವರು, ಹುಬ್ಬಳ್ಳಿಯವರು ಎಲ್ಲ ಇದ್ದರು. ಅವರ ಮಾತು ತಿದ್ದಲು ಜರ್ಮನಿಯ ಸಣ್ಣ ಊರೊಂದರಿಂದ ಕ್ರಿಸ್ಟಾ ಎಂಬ ನಿವೃತ್ತ ನರ್ಸಮ್ಮ ಸೇರಿಕೊಂಡಿದ್ದಳು. ಗುಂಪಿನ ಕಟ್ಟಳೆ ಒಂದೇ. ದಿನಕ್ಕೊಂದು ವಿಷಯ, ಅದರ ಬಗ್ಗೆ ಎಲ್ಲರೂ ಒಂದು ನಿಮಿಷ ಜರ್ಮನ್ ಮಾತಾಡಿ ಧ್ವನಿ ಸಂದೇಶ ಕಳಿಸಬೇಕು.

"ಚಿಗವ್ವ, ನನ್ನ ಎದುರು ಕೂಡು. ನೀ ಮಾತಾಡೂದು ಬ್ಯಾಡ, ಸುಮ್ನ ಕೇಳು" ಎಂದು ಜಯಮಾಲಾ ದಿನಾ ಸಂಜೆ ಅವಳನ್ನು ಕೂರಿಸಿಕೊಂಡು ಒದರುತ್ತಿದ್ದಳು. ಶಿವಕಾಂತಾ ಅವರೆಕಾಯಿ ಬಿಡಿಸುತ್ತ ಕೇಳುತ್ತಿದ್ದಳು. ಕೇಳುತ್ತ ಕೇಳುತ್ತ ಆ ಭಾಷೆಯ ಒಂದು ಗುಣ ಅವಳಿಗೆ ಹಿಡಿಸಿತು. ಉದ್ದನೆಯ ವಾಕ್ಯಗಳಲ್ಲಿ ಎಷ್ಟೋ ಸಲ ಕ್ರಿಯಾಪದ ಕನ್ನಡದ ಹಾಗೆ ಕೊನೆಗೆ ಬಂದು ಕೂರುತ್ತಿತ್ತು. ಒಂದು ರವಿವಾರ ಜಯಮಾಲಾ ಡ್ಯೂಟಿಗೆ ಹೋದಾಗ, ಮನೆಯಲ್ಲಿ ಯಾರೂ ಇರಲಿಲ್ಲ. ಶಿವಕಾಂತಾ ಅವಳ ಪುಸ್ತಕ ತೆಗೆದು ಗಟ್ಟಿಯಾಗಿ ಓದಿದಳು. "ಗೂಟನ್ ಟಾಗ್. ಇಶ್ ಹೈಸ ಶಿವಕಾಂತಾ." ನಮಸ್ಕಾರ, ನನ್ನ ಹೆಸರು ಶಿವಕಾಂತಾ.

ಓದಿ ಮುಗಿಸಿ ಬೆಚ್ಚಿ ಕುಳಿತಳು. ತನ್ನ ಹೆಸರು ಎಲ್ಲಿಯೂ ತಡೆಯದೆ ಬಂದಿತ್ತು. ಮತ್ತೆ ಹೇಳಿದಳು. ಮತ್ತೆ ಬಂತು. ಹತ್ತು ಸಲ ಹೇಳಿ ನೀರು ಕುಡಿದು ಮತ್ತೆ ಹತ್ತು ಸಲ ಹೇಳಿದಳು. ಕನ್ನಡದಲ್ಲಿ ಯಾವ ಶಬ್ದಕ್ಕೆ ಹೆದರಬೇಕೆಂದು ಬಾಯಿಗೆ ಗೊತ್ತಿತ್ತು. ಈ ಹೊಸ ಭಾಷೆಯಲ್ಲಿ ಅದಕ್ಕಿನ್ನೂ ಗೊತ್ತಾಗಿರಲಿಲ್ಲ.

ಅಂದು ಸಂಜೆ ಜಯಮಾಲಾಳ ಕೈಗೆ ತನ್ನ ಫೋನು ಕೊಟ್ಟು, "ನ... ನನ್ನೂ ಸೇರಸು" ಎಂದಳು. ಜಯಮಾಲಾ ಅಲ್ಲೇ, "ನೀ ಇಪ್ಪತ್ತೊಂಬತ್ತನೇದಾಕಿ" ಎಂದು ಸೇರಿಸಿಯೇ ಬಿಟ್ಟಳು.

ಎರಡು ತಿಂಗಳು ಸುಖದಲ್ಲಿ ಕಳೆದವು. ಊಟದ ಹೊತ್ತಿಗೆ ಲ್ಯಾಬಿನ ಮೂಲೆಯಲ್ಲಿ ನಿಂತು ಶಿವಕಾಂತಾ ಒಂದು ನಿಮಿಷ ಮಾತಾಡಿ ಕಳಿಸುತ್ತಿದ್ದಳು. ತನ್ನ ಊರು, ತನ್ನ ಅಡಿಗೆ, ಭೀಮಾ ಹೊಳೆ. ಕ್ರಿಸ್ಟಾ ತಪ್ಪು ತಿದ್ದಿ ಒಂದು ಹೂವಿನ ಚಿತ್ರ ಹಾಕುತ್ತಿದ್ದಳು. ಮೂರನೆಯ ತಿಂಗಳು ಒಂದು ದಿನ, ಬ್ರೆಡ್ಡಿಗೆ ಹೇಳುವ "ಬ್ರೋಟ್" ಎಂಬ ಶಬ್ದದ ಮುಂದೆ ತುಟಿ ಕೂಡಿಕೊಂಡವು. ಬಿಚ್ಚಲಿಲ್ಲ. ಉಗ್ಗು ಜರ್ಮನಿಗೂ ಬಂದಿತ್ತು, ಅದಕ್ಕೆ ಪಾಸ್‌ಪೋರ್ಟೂ ಬೇಕಾಗಿರಲಿಲ್ಲ, ಪರೀಕ್ಷೆಯೂ ಬೇಕಾಗಿರಲಿಲ್ಲ.

ಆದರೆ ಗುಂಪಿನವರಿಗೆ ಅದು ಗೊತ್ತಾಗದಂತೆ ನೋಡಿಕೊಂಡಳು. ತಡೆದ ಕೂಡಲೇ ಅಳಿಸುವುದು, ಮೊದಲಿನಿಂದ ಹೇಳುವುದು. ಒಂದು ನಿಮಿಷದ ನೆಟ್ಟಗಿನ ಮಾತಿಗಾಗಿ ಹದಿನೈದು ಸಲ, ಇಪ್ಪತ್ತು ಸಲ. ಡಬ್ಬಿಯ ರೊಟ್ಟಿ ಹಾಗೇ ಉಳಿಯತೊಡಗಿತು. ಗುಂಪಿನಲ್ಲಿ ಎಲ್ಲರೂ "ಶಿವಕಾಂತಾ ಎಷ್ಟು ಸರಾಗ ಮಾತಾಡ್ತಾರೆ" ಎಂದು ಬರೆದಾಗ ಅವಳಿಗೆ ಕಳ್ಳಿಯಂತೆ ನಾಚಿಕೆಯಾಗುತ್ತಿತ್ತು.

ಒಂದು ಬುಧವಾರದ ವಿಷಯ "ನನ್ನ ಕೆಲಸ". ರಕ್ತಕ್ಕೆ ಜರ್ಮನ್ನಿನಲ್ಲಿ "ಬ್ಲೂಟ್" ಎನ್ನುತ್ತಾರೆ. ಅದೇ ಹಾಳು ಬಕಾರ. ಹನ್ನೆರಡನೆಯ ಸಲ ಹೇಳುತ್ತಿದ್ದಳು. ಆ ಶಬ್ದದ ಮುಂದೆ ನಿಂತವಳು ನಿಂತೇ ಇದ್ದಳು. ಹೇಗೋ ದಾಟಿ, ಮುಂದಿನ ಸಾಲಿನಲ್ಲಿ ಮತ್ತೆ ಸಿಕ್ಕಿಕೊಂಡು, ಸಾಕಾಗಿ ಇನ್ನೇನು ಅಳಿಸಬೇಕು, ಅಷ್ಟರಲ್ಲಿ ಹಿಂದಿನಿಂದ ಹುಲೆಪ್ಪ "ಮೇಡಂ, ಪೇಶಂಟ್ ಬಂದಾರ್ರಿ" ಎಂದ. ಬೆಚ್ಚಿದ ಹೆಬ್ಬೆರಳು ಕಸದ ಬುಟ್ಟಿಯ ಗುರುತಿಗೆ ಹೋಗುವ ಬದಲು ಕಳಿಸುವ ಬಾಣಕ್ಕೆ ತಾಗಿತು.

ಸಂದೇಶ ಹೋಯಿತು. ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡು, ಅದರಲ್ಲಿ ಮಾತು ಅರ್ಧ, ತಡೆ ಅರ್ಧ. ಬಂದ ಪೇಶಂಟನ್ನು ಕೂರಿಸಿ, ರಕ್ತ ತೆಗೆದು, ಮತ್ತೆ ಫೋನು ನೋಡುವಷ್ಟರಲ್ಲಿ ನಾಲ್ಕು ಜನ ಅದನ್ನು ಕೇಳಿಯಾಗಿತ್ತು. ಇನ್ನು ಅಳಿಸಿ ಏನು ಬಂತು? ಅಳಿಸಿದ್ದಾರೆ ಎಂಬ ಗುರುತೊಂದು ಉಳಿಯುತ್ತದೆ, ನಾಲ್ವರು ಮಿಕ್ಕವರಿಗೆ ಹೇಳುತ್ತಾರೆ. ಗುಂಪು ಬಿಟ್ಟುಬಿಡೋಣ ಎಂದುಕೊಂಡಳು. ಫೋನನ್ನು ಡ್ರಾದೊಳಗೆ ಹಾಕಿ ಮುಚ್ಚಿದಳು.

ನಾಲ್ಕು ಗಂಟೆಗೆ ತೆರೆದು ನೋಡಿದಾಗ ಕ್ರಿಸ್ಟಾಳ ಉತ್ತರ ಬಂದಿತ್ತು. ಕಣ್ಣು ಅರ್ಧ ಮುಚ್ಚಿಕೊಂಡೇ ಓದಿದಳು.

"ಶಿವಕಾಂತಾ, ಬ್ಲೂಟ್‌ಗೆ 'ಡೆರ್' ಅಲ್ಲ, 'ಡಾಸ್'. ಡಾಸ್ ಬ್ಲೂಟ್. ಉಳಿದದ್ದು ಚೆನ್ನಾಗಿದೆ."

ಅಷ್ಟೇ. ನಾಮಪದದ ಮುಂದೆ ಅದರ ಲಿಂಗಕ್ಕೆ ತಕ್ಕಂತೆ ಹಚ್ಚುವ ಪುಟ್ಟ ಶಬ್ದದ ತಪ್ಪು, ಬೇರೇನೂ ಇಲ್ಲ. ಕೆಳಗೆ ಎಂದಿನ ಹೂವು. ಅದರ ಕೆಳಗೆ ರಾಯಚೂರಿನ ಒಬ್ಬ ನರ್ಸು, ಪ್ರತಿ ಮೂರು ಶಬ್ದಕ್ಕೊಮ್ಮೆ "ಅ... ಅ..." ಎಂದು ತಡಕಾಡುತ್ತ ತನ್ನ ಕೆಲಸದ ಬಗ್ಗೆ ಹೇಳಿದ್ದಳು. ಅದರ ಕೆಳಗೆ ಕೇರಳದವನೊಬ್ಬ ಮಧ್ಯದಲ್ಲಿ ಪೂರ್ತಿ ನಿಂತು, ಶಬ್ದ ನೆನಪಾಗದೆ ನಕ್ಕು, ಮುಂದುವರಿಸಿದ್ದ. ಶಿವಕಾಂತಾ ಒಂದೊಂದೇ ಸಂದೇಶವನ್ನು ಮೊದಲ ಸಲ ಕಿವಿಗೊಟ್ಟು ಕೇಳಿದಳು. ಇಪ್ಪತ್ತೆಂಟು ಜನರಲ್ಲಿ ಒಬ್ಬರ ಮಾತೂ ನೆಟ್ಟಗಿರಲಿಲ್ಲ. ಮೂರು ತಿಂಗಳು ದಿನಾ ಕೇಳಿಯೂ ಅವಳಿಗೆ ಅದು ಗೊತ್ತಾಗಿರಲಿಲ್ಲ. ಹುಲೆಪ್ಪ ಒಳಗೆ ಬಂದಾಗ ಮೇಡಂ ಒಬ್ಬರೇ ಕೂತು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದರು. ಅವನು ಚಹಾ ತರಲು ಹೋದ.

ಆದರೂ ಮನಸ್ಸು ಪೂರ್ತಿ ನಿಲ್ಲಲಿಲ್ಲ. ಮರುದಿನ ಕ್ರಿಸ್ಟಾಳಿಗೆ ಬೇರೆಯಾಗಿ ಬರೆದಳು. ತನಗೆ ಸಣ್ಣಂದಿನಿಂದ ಉಗ್ಗು ಇದೆ ಎಂದೂ, ಇಷ್ಟು ದಿನ ಅಳಿಸಿ ಅಳಿಸಿ ಕಳಿಸುತ್ತಿದ್ದೆನೆಂದೂ, ನಿನ್ನೆಯದು ನಿಮಗೆ ಕೇಳಿಸಲಿಲ್ಲವೇ ಎಂದೂ. ಉತ್ತರ ಅರ್ಧ ಗಂಟೆಯಲ್ಲಿ ಬಂತು. "ಕೇಳಿಸಿತು. ನಾನಾಗ ಆಲೂಗಡ್ಡೆ ಸುಲಿಯುತ್ತಿದ್ದೆ. ನೀವು ನಿಂತಾಗ ಒಂದು ಸುಲಿದೆ, ಮತ್ತೆ ನಿಂತಾಗ ಇನ್ನೊಂದು. ನನಗೇನು ಅವಸರವಿತ್ತು? ನನ್ನ ವಾರ್ಡಿನಲ್ಲಿ ಹೀಗೆ ಮಾತಾಡುವ ಎಷ್ಟೋ ಜನರನ್ನು ನೋಡಿದ್ದೇನೆ. ಇನ್ನು ಮುಂದೆ ಅಳಿಸಬೇಡಿ. ನಿಮ್ಮ ತಪ್ಪುಗಳು ಸಿಗದಿದ್ದರೆ ನಾನು ತಿದ್ದುವುದೇನನ್ನು?"

ಅಂದಿನಿಂದ ಶಿವಕಾಂತಾ ಒಂದೇ ಸಲ ಮಾತಾಡಿ ಕಳಿಸಿದಳು. ತಡೆದಲ್ಲಿ ತಡೆಯಲಿ. ಡಬ್ಬಿಯ ರೊಟ್ಟಿ ಮತ್ತೆ ಖಾಲಿಯಾಗತೊಡಗಿತು.

ಹೀಗೆ ಕಳಿಸುತ್ತಿರುವಾಗ ಅವಳಿಗೊಂದು ಹೊಳೆಯಿತು. ಧ್ವನಿ ಸಂದೇಶದಲ್ಲಿ ತನ್ನ ಮಾತನ್ನು ಬೇರೆ ಯಾರೂ ಮುಗಿಸಲು ಬರುವುದಿಲ್ಲ. ಎಷ್ಟು ಹೊತ್ತು ಹಿಡಿದರೂ ಕೊನೆಯ ಅಕ್ಷರ ತನ್ನದೇ. ಹದಿನಾಲ್ಕು ವರ್ಷ ಗಂಡನ ಮುಂದೆ ಇದು ಒಂದು ಸಲವೂ ಆಗಿರಲಿಲ್ಲ.

ಶನಿವಾರ ಮಧ್ಯಾಹ್ನ ಲ್ಯಾಬಿನ ಬಾಗಿಲು ಮುಂದೆ ಮಾಡಿ, ಸಿದ್ದರಾಮೇಶನ ಹೆಸರು ಒತ್ತಿ, ಕನ್ನಡದಲ್ಲಿ ಮಾತಾಡಿದಳು.

"ರೀ, ನಾ ಮಾ... ಮಾತಾಡಾಕತ್ತೇನಿ. ನಡುವ ನಿಲ್ಲಸಬ್ಯಾಡ್ರಿ, ಪೂರಾ ಕೇಳ್ರಿ. ನಾ ಎಲ್ಲಿ ತಡೀತೇನಿ, ಅಲ್ಲಿ ನೀವು ನನ್ನ ಮಾತು ಮುಗಸ್ತೀರಿ. ಪ್ರೀತಿಲೇ ಮುಗಸ್ತೀರಿ, ನನಗ ಗೊತ್ತದ. ಆದ್ರ ನೀವು ಮುಗಸಿದ್ದು ಭಾಳ ಸಲ ನನ್ನ ಮಾತಲ್ಲ. ಅವತ್ತ ಸಂತಿಗೆ ಹೊಂಟಾಗ ನಾ ಅಂದಿದ್ದು ಬ... ಬ... ಬ... ಬ್ಯಾಡ ಅಂತ. ಬದ್ನಿಕಾಯಿ ಅಂತಲ್ಲ."

ಎರಡು ನಿಮಿಷ ನಲವತ್ತು ಸೆಕೆಂಡಿನ ಮಾತು. ಕಳಿಸಿ ಕೂತಳು. ಕೇಳಿದ ಗುರುತು ಹತ್ತೇ ನಿಮಿಷದಲ್ಲಿ ನೀಲಿಯಾಗಿ ಮೂಡಿತು. ಆದರೆ ಉತ್ತರ ಬರಲಿಲ್ಲ. ಒಂದು ಸಂದೇಶಕ್ಕೆ ಮೂರು ಕಳಿಸುವ ಮನುಷ್ಯ ಸಂಜೆಯವರೆಗೂ ಸುಮ್ಮನಿದ್ದ. ಹೇಳಬಾರದಿತ್ತೇನೋ ಎಂದುಕೊಂಡಳು.

ದೀಪ ಹಚ್ಚುವ ಹೊತ್ತಿಗೆ ಸಿದ್ದರಾಮೇಶ ಬಂದ. ಕೈಗೆ ಅಂಟಿದ ವಾರ್ನಿಶ್ ಹಾಗೇ ಇತ್ತು. ಬಾಗಿಲಲ್ಲೇ ನಿಂತು ಕೇಳಿದ.

"ಹಂಗಾರ ಬದ್ನಿಕಾಯಿ ನಿನಗ ಸೇರೂದೇ ಇಲ್ಲ?"

"ಸೇ... ಸೇ..."

ಅಭ್ಯಾಸ ಬಲದಿಂದ ಅವನ ಬಾಯಿ ತೆರೆಯಿತು. ಮತ್ತೆ ಮುಚ್ಚಿತು. ಕೆನ್ನೆ ಒಳಗಿನಿಂದ ಕಚ್ಚಿಕೊಂಡು ನಿಂತ. ಹಾಗೆ ಕಾಯುವ ಗಂಡನನ್ನು ಶಿವಕಾಂತಾ ಆವತ್ತೇ ಮೊದಲು ನೋಡಿದ್ದು.

"ಸೇರ್ತದ್ರಿ" ಎಂದಳು ಕಡೆಗೆ. "ವಾರಾ ಪೂರಾ ಸೇರೂದಿಲ್ಲ."

ಸಿದ್ದರಾಮೇಶ ಹೊಸ್ತಿಲ ಮೇಲೆ ಕುಸಿದು ಕೂತು ನಕ್ಕ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಓಡಿ ಬಂದ ಜಯಮಾಲಾಳಿಗೆ, "ಹದಿನಾಲ್ಕು ವರ್ಷ ನೋಡು! ಹದಿನಾಲ್ಕು ವರ್ಷ ಸುಮ್ನ ತಿಂದಾಳ!" ಎಂದ. ಆಮೇಲೆ ಕೈಕಾಲು ತೊಳೆದುಕೊಂಡು ಹೆಂಡತಿಯ ಎದುರು ಬಂದು ಕೂತು ಮೆತ್ತಗೆ ಹೇಳಿದ. "ಅಂಗಡ್ಯಾಗ ಮೂರು ಸಲ ಕೇಳಿದೆ. ನಾ ಏನ್ ತಿಳಕೊಂಡಿದ್ದೆ ಅಂದ್ರ, ನೀ ತಡದಾಗ ನಿನಗ ತ್ರಾಸ ಆಗ್ತದ, ನಾ ಮುಗಸಿದ್ರ ಹಗುರಾಗ್ತದ ಅಂತ. ಸಿಟ್ಟು ಬಂದದೇನು ನನ್ನ ಮ್ಯಾಲೆ?"

"ಇಲ್ರಿ" ಎಂದಳು. ಈ ಮಾತು ಎಲ್ಲಿಯೂ ತಡೆಯಲಿಲ್ಲ.

ಮರುದಿನದಿಂದ ಅವನು ದೇವರಂತೆ ಬದಲಾದ ಎಂದೇನಿಲ್ಲ. ದಿನಕ್ಕೆ ಮೂರು ಸಲವಾದರೂ ಮರೆತು ಅವಳ ಮಾತಿಗೆ ಬಾಯಿ ಹಾಕುತ್ತಿದ್ದ. ಅವಳು ಒಂದು ಬೆರಳು ಎತ್ತಿದರೆ "ತಪ್ಪಾತು" ಎಂದು ನಿಲ್ಲುತ್ತಿದ್ದ. ಆದರೆ ಅವರ ಮನೆಯಲ್ಲಿ ಈಗ ಊಟಕ್ಕೆ ಮೊದಲಿಗಿಂತ ಹೊತ್ತು ಹಿಡಿಯುತ್ತಿತ್ತು, ಯಾಕೆಂದರೆ ಇಬ್ಬರೂ ಮಾತಾಡುತ್ತಿದ್ದರು.

ಮಳೆಗಾಲದ ಒಂದು ಬೆಳಿಗ್ಗೆ ಹೆರಿಗೆ ವಾರ್ಡಿನಿಂದ ಇಂಟರ್‌ಕಾಂ ಬಂತು. ಹೆರಿಗೆಯಾದ ಒಬ್ಬಳ ರಕ್ತ ಕೆಳಗೆ ಕಳಿಸಿದ್ದರು, ಅದರ ಗುಂಪು ತಕ್ಷಣ ಬೇಕಿತ್ತು. ಹುಲೆಪ್ಪ ರಜೆಯಲ್ಲಿದ್ದ. ಎತ್ತಿದ ಶಿವಕಾಂತಾ "ಐದು ಮಿನಿಟು" ಎಂದಷ್ಟೇ ಹೇಳಿ ಇಟ್ಟಳು. ಪರೀಕ್ಷೆ ಮುಗಿಯಿತು. ಬಿ ನೆಗೆಟಿವ್. ಎಂದಿನಂತೆ ಚೀಟಿ ಬರೆದು ಎದ್ದಳು. ಬಾಗಿಲಲ್ಲಿ ಹನ್ನೊಂದು ಜನ ಸಾಲಾಗಿ ಕೂತಿದ್ದರು, ಮುಂದಿನ ಕುರ್ಚಿಯಲ್ಲಿ ಜ್ವರದ ಕೂಸನ್ನು ಎತ್ತಿಕೊಂಡ ತಾಯಿ. ಇವರನ್ನು ಬಿಟ್ಟು ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಒಂದು ಗಳಿಗೆ ಫೋನನ್ನೇ ನೋಡಿದಳು. ಎತ್ತಿದಳು.

"ಲ್ಯಾಬಿಂದ್ರಿ. ಗ್ರೂಪು ಬ..."

ತುಟಿ ಕೂಡಿದವು. ಅತ್ತ ಕಡೆ ನರ್ಸು "ಹಲೋ? ಹಲೋ? ಕಟ್ ಆತೇನು?" ಎಂದಳು.

ಇಂಥ ಹೊತ್ತಿನಲ್ಲಿ ಶಿವಕಾಂತಾ ಬದುಕಿನುದ್ದಕ್ಕೂ ಫೋನು ಇಟ್ಟುಬಿಟ್ಟಿದ್ದಳು. ಈ ಸಲ ಇಡಲಿಲ್ಲ. ಉಸಿರು ಬಿಟ್ಟು, ಬೇರೆ ದಾರಿಯಿಂದ ಬಂದಳು. "ಲೈನ್ ಕಟ್ ಆಗಿಲ್ರಿ ಸಿಸ್ಟರ್. ನ... ನನಗ ಮಾತಾಡ್ಲಿಕ್ಕ ಸ್ವಲ್ಪ ಹೊತ್ತು ಹಿಡಿತದ. ಜರಾ ತಡೀರಿ."

"ಹಾಂ ಮೇಡಂ, ಹೇಳ್ರಿ" ಎಂದಳು ನರ್ಸು. ಅವಳ ಹಿಂದೆ ಕೂಸು ಅಳುವುದು ಕೇಳಿಸುತ್ತಿತ್ತು.

"ಬ... ಬ... ಬಿ ನೆಗೆಟಿವ್."

"ಬಿ ನೆಗೆಟಿವ್. ಬರಕೊಂಡೆ. ನೆಗೆಟಿವ್ ಇದ್ದ ಬಾಣಂತಿಗೆ ಕೊಡೂ ಇಂಜೆಕ್ಷನ್ ಕೊಡಸ್ತೇವಿ. ಥ್ಯಾಂಕ್ಸ್ ರೀ ಮೇಡಂ."

ಫೋನು ಇಟ್ಟಾಗ ಬೆನ್ನು ಬೆವತಿತ್ತು. ಆದರೆ ಒಳಗೆ ಎಲ್ಲೋ ಬಹಳ ದಿನ ಮುಷ್ಟಿ ಕಟ್ಟಿದ್ದದ್ದು ಬಿಚ್ಚಿಕೊಂಡಂತಿತ್ತು. ಬರೆದ ಚೀಟಿಯನ್ನು ಆಮೇಲೆ ದಾಖಲೆಗೆಂದು ಕಳಿಸಿದರಾಯಿತು ಎಂದು ಪಕ್ಕಕ್ಕಿಟ್ಟು, "ಬಾ ಯವ್ವಾ, ಕೂಸಿನ ಕೈ ಹಿಡಕೋ" ಎಂದು ತಾಯಿಯನ್ನು ಕರೆದಳು.

ಜಯಮಾಲಾ ಆ ವರ್ಷವೇ ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದು ಪಾಸಾದಳು. ಈಗ ಜೇವರ್ಗಿಯ ಮನೆಯಲ್ಲಿ ವೀಸಾದ ದಾರಿ ಕಾಯುತ್ತ ಇದ್ದಾಳೆ. ಶಿವಕಾಂತಾ ಪರೀಕ್ಷೆ ಬರೆಯಲಿಲ್ಲ. ಅವಳಿಗೆ ಎಲ್ಲಿಗೂ ಹೋಗುವುದಿರಲಿಲ್ಲ. ಆದರೆ ಗುಂಪು ಬಿಟ್ಟಿಲ್ಲ. ಹೊಸದಾಗಿ ಸೇರಿದವರು ಮಾತು ಕಳಿಸಲು ಹೆದರಿದರೆ, ಕ್ರಿಸ್ಟಾ ಅವರಿಗೆ, "ಮೊದಲು ಶಿವಕಾಂತಾ ಅವರದು ಕೇಳಿ" ಎಂದು ಬರೆಯುತ್ತಾಳೆ.

ಮೊನ್ನೆ ರವಿವಾರ ಮುಂಜಾನೆ ಅವಳು ಮಣ್ಣೂರಿಗೆ ಫೋನು ಮಾಡಿದಳು. ಯಾವಾಗಲೂ ಅತ್ತೆ ಅಳಿಯನೇ ಮಾತಾಡಿಕೊಳ್ಳುವುದು, ಇವಳ ಸುದ್ದಿಯನ್ನೂ ಅಳಿಯನೇ ಹೇಳುವುದು ರೂಢಿ. ಮಗಳ ದನಿ ಕೇಳಿದ್ದೇ ಗುರಮ್ಮ ಗಾಬರಿಯಾದಳು.

"ಯಾಕ ಬೇ? ಏನಾತು? ಅಳಿಯಾ ಎಲ್ಲದಾರ?"

"ಏ... ಏನಿಲ್ಲ ಯವ್ವಾ. ಆರಾಮ ಅದೇವಿ. ಸುಮ್ನ ಮಾಡೀನಿ."

"ಸುಮ್ನ?" ಎಂದಳು ಗುರಮ್ಮ. ನಂಬಿಕೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ಎಮ್ಮೆಯ ಸುದ್ದಿ, ತೊಗರಿಯ ಸುದ್ದಿ, ಸಂಬಂಧಿಕರ ಸುದ್ದಿ ಎಲ್ಲ ಹೇಳಿದಳು. ಮಗಳು ತಡೆದಾಗಲೆಲ್ಲ ತಾಯಿ ಸುಮ್ಮನೆ ಕಾಯುತ್ತಿದ್ದಳು. ಕೊನೆಗೆ, ಯಾರಿಗೂ ಎಂದೂ ಹೇಳದ ಮಾತೊಂದನ್ನು ಹೇಳಿದಳು.

"ತಪ್ಪು ನಂದೇ ಬೇ. ನೀ ಹೊಟ್ಟ್ಯಾಗಿದ್ದಾಗ ಗ್ರಹಣ ಹಿಡದಿತ್ತು. ಮಳಿ ಬಂದೀತು ಅಂತ ಅಂಗಳದಾಗಿನ ಜೋಳ ತರಲಿಕ್ಕ ಹೊರಗ ಬಂದೆ. ನಿಮ್ಮ ಅಜ್ಜಿ ಆವತ್ತೇ ಅಂದಿದ್ದಳು. ಆಕಿ ಅಂದಂಗ ಆತು."

ಮೂವತ್ತೆಂಟು ವರ್ಷ ಅವ್ವ ಇದನ್ನು ಹೊತ್ತುಕೊಂಡು ತಿರುಗಿದ್ದಳು ಎಂದು ಶಿವಕಾಂತಾಳಿಗೆ ಗೊತ್ತೇ ಇರಲಿಲ್ಲ.

"ಗ್ರಹಣದ್ದಲ್ಲ ಯವ್ವಾ. ಜ... ಜರ್ಮನಿದಾಗೂ ಇಂಥವ್ರು ಅದಾರಂತ. ಅಲ್ಲೊಬ್ಬಾಕಿ ನರ್ಸು ಹೇಳ್ಯಾಳ. ಎಲ್ಲಾ ದೇಶದಾಗೂ ಅದಾರ."

ಅತ್ತ ಕಡೆ ಹಿತ್ತಲಲ್ಲಿ ಕೋಳಿ ಕೂಗುವುದು ಫೋನಿನಲ್ಲಿ ಕೇಳಿಸಿತು.

"ಎಲ್ಲಾ ದೇಶದಾಗ?"

"ಹೂಂ."

"ಹಂಗಾರ ಅಷ್ಟೂ ಮಂದಿ ಅವ್ವಂದಿರು ಗ್ರಹಣದಾಗ ಜೋಳ ತರಲಿಕ್ಕ ಹೊರಗ ಬಂದಿರ್ಲಿಕ್ಕಿಲ್ಲ ಬಿಡು" ಎಂದಳು ಗುರಮ್ಮ. ದೊಡ್ಡದೊಂದು ಉಸಿರು ಬಿಟ್ಟಳು. ಮುಂದಿನ ರವಿವಾರ ಇದೇ ಹೊತ್ತಿಗೆ ಮಾಡು, ನಾ ಹೊಲಕ್ಕ ಹೋಗೂದಿಲ್ಲ, ಮನ್ಯಾಗೇ ಇರ್ತೇನಿ ಎಂದು ಹೇಳಿ, ರೊಟ್ಟಿ ಬಡಿಯಲು ಎದ್ದಳು.